ಒಸಡಿನಿಂದ ರಕ್ತ: ಮನೆಯಲ್ಲಿ ಎಷ್ಟು ಮಾಡಬಹುದು, ಎಲ್ಲಿಂದ ಡಾಕ್ಟರ್ ಕೆಲಸ

“ಅಲ್ಲಿ ಬ್ರಷ್ ಹಚ್ಚಬ್ಯಾಡ, ರಕ್ತ ಬರ್ತದ.” ನಮ್ಮ ಮನೆಯಲ್ಲಿ ಈ ಮಾತು ವರ್ಷಗಟ್ಟಲೆ ನಡೆಯಿತು. ಹೇಳುತ್ತಿದ್ದವಳು ಅವ್ವ, ಕೇಳುತ್ತಿದ್ದವನು ನಾನು. ಕೆಳಗಿನ ಸಾಲಿನ ಎಡಗಡೆ ದವಡೆ ಹಲ್ಲಿಗೆ ಬ್ರಷ್ ತಾಗಿದರೆ ಸಾಕು, ಉಗುಳಿದ ನೊರೆ ಕೆಂಪಗಾಗುತ್ತಿತ್ತು. ಅದಕ್ಕೇ ಆ ಕಡೆ ತಿಕ್ಕುವುದನ್ನೇ ಬಿಟ್ಟೆ. ಬಿಟ್ಟಷ್ಟೂ ರಕ್ತ ಜಾಸ್ತಿ, ರಕ್ತ ಜಾಸ್ತಿ ಆದಷ್ಟೂ ಇನ್ನೂ ದೂರ. ಕೊನೆಗೆ ಒಂದು ಹಲ್ಲು ಅಲುಗಾಡತೊಡಗಿತು. ಕಲಬುರಗಿಯಲ್ಲೇ ಒಬ್ಬ ಹಲ್ಲಿನ ಡಾಕ್ಟರ್ ಮುಂದೆ ಬಾಯಿ ತೆರೆದೆ. ನೋಡಿದವರು ಹೇಳಿದ್ದು ಇಷ್ಟೇ: “ರಕ್ತ ಬರೋ ಕಡೀಗೇ ಚೆಂದಾಗಿ ತಿಕ್ಕಬೇಕ್ರಿ. ನೀವು ಉಲ್ಟಾ ಮಾಡೀರಿ.”

ಆ ಒಂದು ಮಾತು ಹತ್ತು ವರ್ಷ ಮೊದಲೇ ಯಾರಾದರೂ ಹೇಳಿದ್ದರೆ ಅನ್ನಿಸುತ್ತದೆ. ನಾನು ಡಾಕ್ಟರ್ ಅಲ್ಲ. ಆದರೆ ಈ ದಾರಿಯಲ್ಲಿ ಮಾಡಬಾರದ್ದೆಲ್ಲ ಮಾಡಿ, ಆಮೇಲೆ ಸರಿಯಾದದ್ದನ್ನು ಕಲಿತವನು. ಕಲಿತದ್ದನ್ನು ಹಂತಹಂತವಾಗಿ ಬರೆಯುತ್ತಿದ್ದೇನೆ.

ರಕ್ತ ಯಾಕೆ ಬರುತ್ತದೆ

ಬ್ರಷ್ ಚುಚ್ಚಿ ಗಾಯವಾಗಿದೆ, ಅದಕ್ಕೇ ರಕ್ತ ಎಂದು ನಾವು ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಹಾಗಲ್ಲ. ಗಟ್ಟಿಮುಟ್ಟಾದ ಒಸಡು ಮೆತ್ತಗಿನ ಬ್ರಷ್ ತಾಗಿದರೆ ರಕ್ತ ಬಿಡುವುದಿಲ್ಲ. ಒಸಡು ಮೊದಲೇ ಬಾತುಕೊಂಡಿರುತ್ತದೆ. ಬ್ರಷ್ ಅದನ್ನು ತೋರಿಸಿಕೊಡುತ್ತದೆ, ಅಷ್ಟೇ.

ಬಾತುಕೊಳ್ಳುವುದು ಪಾಚಿಯಿಂದ. ಬೆಳಿಗ್ಗೆ ಎದ್ದಾಗ ನಾಲಗೆ ಆಡಿಸಿದರೆ ಹಲ್ಲಿನ ಮೇಲೆ ಜಿಗುಟು ಪೊರೆ ಸಿಗುತ್ತದಲ್ಲ, ಅದೇ. ಬಾವಿ ಮೆಟ್ಟಿಲಿನ ಪಾಚಿ ಹಾಗೆ ಇದೂ ಜೀವ ಇರುವಂಥದ್ದು. ಅದರ ತುಂಬ ಬ್ಯಾಕ್ಟೀರಿಯಾ. ಹಲ್ಲು ಮತ್ತು ಒಸಡು ಸೇರುವ ಅಂಚಿನಲ್ಲಿ ಅದು ಗಟ್ಟಿಯಾಗಿ ಕೂತರೆ ಮೈ ಸುಮ್ನೆ ಇರುವುದಿಲ್ಲ. ಹೋರಾಡಲು ಅಲ್ಲಿಗೆ ಹೆಚ್ಚು ರಕ್ತ ಹರಿಸುತ್ತದೆ. ಒಸಡು ಕೆಂಪಾಗಿ, ಉಬ್ಬಿ, ಅದರ ಒಳಪದರ ತೆಳ್ಳಗಾಗುತ್ತದೆ. ಮುಟ್ಟಿದರೆ ರಕ್ತ.

ಇದನ್ನು 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಎಂಬ ದಂತ ವಿಜ್ಞಾನಿ ಮತ್ತು ಅವರ ಸಂಗಡಿಗರು ನೇರವಾಗಿ ತೋರಿಸಿಬಿಟ್ಟರು. ಒಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲು ತಿಕ್ಕುವುದನ್ನು ನಿಲ್ಲಿಸಿ ಎಂದರು. 10ರಿಂದ 21 ದಿನದೊಳಗೆ ಹನ್ನೆರಡೂ ಜನರ ಒಸಡು ಬಾತುಕೊಂಡಿತು. ಮತ್ತೆ ತಿಕ್ಕಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲರದ್ದೂ ಮೊದಲಿನಂತಾಯಿತು. ಔಷಧ ಇಲ್ಲ, ಲೇಹ್ಯ ಇಲ್ಲ. ಈ ಒಂದು ವಾರದ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಾಚಿಯನ್ನು ಎರಡು-ಮೂರು ದಿನ ಮುಟ್ಟದೆ ಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿ ಅದು ಕಲ್ಲಾಗತೊಡಗುತ್ತದೆ. ಇದಕ್ಕೆ ಗಾರೆ ಅನ್ನುತ್ತಾರೆ. ನಮ್ಮ ಕಡೆ ಬೋರ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಥೇಟ್ ಹಾಗೆ. ಪಾಚಿಯನ್ನು ಬ್ರಷ್ ತೆಗೆಯುತ್ತದೆ. ಗಾರೆಯನ್ನು ಯಾವ ಬ್ರಷ್ಷೂ, ಯಾವ ಪುಡಿಯೂ ತೆಗೆಯುವುದಿಲ್ಲ. ಮನೆ ಕೆಲಸ ಎಲ್ಲಿ ಮುಗಿಯುತ್ತದೆ, ಡಾಕ್ಟರ್ ಕೆಲಸ ಎಲ್ಲಿ ಶುರು ಎಂಬ ಗೆರೆ ಇರುವುದು ಇಲ್ಲೇ.

ಇನ್ನೊಂದು ಗೆರೆಯೂ ಇದೆ. ಒಸಡು ಮಾತ್ರ ಬಾತುಕೊಂಡಿದ್ದರೆ ಅದು ಪೂರ್ತಿ ವಾಪಸ್ ಬರುತ್ತದೆ. ಡಾಕ್ಟರುಗಳು ಇದನ್ನು ಜಿಂಜಿವೈಟಿಸ್ ಅನ್ನುತ್ತಾರೆ. ಬಾವು ಒಳಗಿಳಿದು ಹಲ್ಲು ಹಿಡಿದಿರುವ ಎಲುಬನ್ನು ಕರಗಿಸಲು ಶುರು ಮಾಡಿದರೆ ಅದು ಪೆರಿಯೊಡಾಂಟೈಟಿಸ್. ಜನರ ಬಾಯಲ್ಲಿ ಪಯೋರಿಯಾ. ಕರಗಿದ ಎಲುಬು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಅಲ್ಲಿಗೆ ತಡೆದು ನಿಲ್ಲಿಸಬಹುದು. ಅದಕ್ಕೆ ಡಾಕ್ಟರೂ ಬೇಕು, ಮನೆಯ ಶಿಸ್ತೂ ಬೇಕು.

ಮೊದಲ ಹಂತ: ಕನ್ನಡಿ, ಟಾರ್ಚು, ಒಂದು ಚೀಟಿ

ಮೊಬೈಲ್ ಟಾರ್ಚ್ ಹಚ್ಚಿ ಕನ್ನಡಿ ಮುಂದೆ ನಿಲ್ಲಿ. ತುಟಿ ಎಳೆದು ನೋಡಿ. ಚೆನ್ನಾಗಿರುವ ಒಸಡು ಹಲ್ಲಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಅಂಚು ಚೂಪಾಗಿರುತ್ತದೆ. ಬಣ್ಣ ತಿಳಿ ಗುಲಾಬಿಯೇ ಇರಬೇಕೆಂದಿಲ್ಲ. ನಮ್ಮ ಮೈಬಣ್ಣಕ್ಕೆ ಒಸಡಿನಲ್ಲಿ ಕಪ್ಪು ಛಾಯೆ ಇರುವುದು ಸಹಜ. ಕಡುಕೆಂಪು, ಹೊಳಪು, ಉಬ್ಬು ಕಂಡರೆ ಬಾವು ಎಂದು ತಿಳಿಯಿರಿ.

ಕೆಳಗಿನ ಮುಂದಿನ ಹಲ್ಲುಗಳ ಒಳಬದಿ, ನಾಲಗೆ ತಾಗುವ ಕಡೆ, ತಪ್ಪದೆ ನೋಡಿ. ಗಾರೆ ಮೊದಲು ಕಟ್ಟುವುದು ಅಲ್ಲಿ, ಮತ್ತು ಮೇಲಿನ ದವಡೆ ಹಲ್ಲುಗಳ ಕೆನ್ನೆ ಕಡೆ. ಎಂಜಲಿನ ಗ್ರಂಥಿಗಳು ಬಾಯೊಳಗೆ ತೆರೆದುಕೊಳ್ಳುವ ಜಾಗ ಅವು. ಹಳದಿಯೋ ಕಂದೋ ಬಣ್ಣದ ಒರಟು ಪದರ ಕಂಡರೆ ಅದು ಗಾರೆ.

ಯಾವ ಹಲ್ಲಿನ ಹತ್ತಿರ ರಕ್ತ, ಎಷ್ಟು ದಿನದಿಂದ, ಯಾವುದಾದರೂ ಹಲ್ಲು ಅಲುಗಾಡುತ್ತದೆಯೇ, ಒಸಡು ಒತ್ತಿದರೆ ಕೀವು ಬರುತ್ತದೆಯೇ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ತಾರೀಖು ಹಾಕಿ. ನೀವು ತೆಗೆದುಕೊಳ್ಳುವ ಗುಳಿಗೆಗಳ ಹೆಸರನ್ನೂ ಬರೆಯಿರಿ. ಬಿಪಿಗೆ ಕೊಡುವ ಅಮ್ಲೋಡಿಪಿನ್, ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ಒಸಡನ್ನು ಬೆಳೆಸಿಬಿಡುತ್ತವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಥರದ ರಕ್ತ ತೆಳುವಾಗಿಸುವ ಔಷಧ ಇದ್ದರೆ ರಕ್ತ ಜಾಸ್ತಿ ಹೊತ್ತು ಒಸರುತ್ತದೆ. ಯಾವ ಗುಳಿಗೆಯನ್ನೂ ನೀವಾಗಿ ನಿಲ್ಲಿಸಬೇಡಿ. ಹೃದಯದ ಗುಳಿಗೆ ನಿಲ್ಲಿಸಿದರೆ ಆಗುವ ಅಪಾಯದ ಮುಂದೆ ಒಸಡಿನ ರಕ್ತ ಏನೂ ಅಲ್ಲ.

ನಮ್ಮ ಭಾಗದವರಿಗೆ ಇಲ್ಲೊಂದು ಮಾತು. ಕಲಬುರಗಿ, ಯಾದಗಿರಿ ಕಡೆ ಕೆಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಚಿಕ್ಕಂದಿನಿಂದ ಆ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಕಲೆ, ಬಿಳಿ ಮಚ್ಚೆ ಇರುತ್ತದೆ. ಅದು ಗಾರೆಯೂ ಅಲ್ಲ, ಕೊಳೆಯೂ ಅಲ್ಲ, ಹಲ್ಲಿನ ಒಳಗೇ ಸೇರಿದ ಬಣ್ಣ. ಅದನ್ನು ತೆಗೆಯುತ್ತೇನೆ ಎಂದು ಇದ್ದಲಿ, ಇಟ್ಟಂಗಿ ಪುಡಿ, ಬೂದಿ ಹಾಕಿ ತಿಕ್ಕಿ ಒಸಡು ಕಿತ್ತುಕೊಂಡವರನ್ನು ನೋಡಿದ್ದೇನೆ. ಕಲೆ ಹೋಗಲಿಲ್ಲ. ಹಲ್ಲು ಸವೆದು ಜುಮ್ಮೆನ್ನಲು ಶುರುವಾಯಿತು.

ಎರಡನೇ ಹಂತ: ತಿಕ್ಕುವ ಕೈ ಬದಲಿಸುವುದು

ಈ ಬರಹದಲ್ಲಿ ಒಂದೇ ಹಂತ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ.

ಪ್ಯಾಕೆಟ್ ಮೇಲೆ ‘ಸಾಫ್ಟ್’ ಎಂದಿರುವ, ತಲೆ ಚಿಕ್ಕದಾಗಿರುವ ಬ್ರಷ್ ಕೊಳ್ಳಿ. ಗಟ್ಟಿ ಬ್ರಷ್ ಚೆನ್ನಾಗಿ ತೊಳೆಯುತ್ತದೆ ಅನ್ನುವುದು ಪಾತ್ರೆಗೆ ಸರಿ, ಒಸಡಿಗಲ್ಲ. ಪೇಸ್ಟು ಯಾವ ಕಂಪನಿಯದಾದರೂ ಆಗಲಿ, ಫ್ಲೋರೈಡ್ ಇರಲಿ. ಬ್ರಷ್ ತುಂಬ ಬೇಡ, ಬಟಾಣಿ ಕಾಳಿನಷ್ಟು ಸಾಕು. ಫ್ಲೋರೈಡ್ ನೀರಿನ ಊರಿನವರು ಪೇಸ್ಟಿಗೆ ಹೆದರಬೇಕಿಲ್ಲ, ನುಂಗದೆ ಉಗುಳಿದರೆ ಆಯಿತು. ಚಿಕ್ಕ ಮಕ್ಕಳಿಗೆ ಮಾತ್ರ ಹತ್ತಿರ ನಿಂತು, ಕಡಿಮೆ ಹಾಕಿಕೊಡಿ.

ಇನ್ನು ಕೈ. ನಾವು ತಿಕ್ಕುವುದು ಗರಗಸ ಎಳೆದ ಹಾಗೆ, ಅಡ್ಡಡ್ಡ, ಜೋರಾಗಿ, ಮೂವತ್ತು ಸೆಕೆಂಡಿನಲ್ಲಿ ಮುಗಿಸಿ. ಅದರಿಂದ ಹಲ್ಲಿನ ಹೊಟ್ಟೆ ಹೊಳೆಯುತ್ತದೆ, ಪಾಚಿ ಇರುವ ಅಂಚು ಹಾಗೇ ಉಳಿಯುತ್ತದೆ. ಮಾಡಬೇಕಾದದ್ದು ಬೇರೆ. ಬ್ರಷ್ಷನ್ನು ಹಲ್ಲಿಗೆ ನೇರ ಇಡಬೇಡಿ. ಕೂದಲು ಒಸಡಿನ ಅಂಚಿನ ಕಡೆ ಮುಖ ಮಾಡುವಂತೆ ಓರೆಯಾಗಿ, ಸುಮಾರು 45 ಡಿಗ್ರಿ ವಾಲಿಸಿ ಇಡಿ. ಅರ್ಧ ಕೂದಲು ಹಲ್ಲಿನ ಮೇಲೆ, ಅರ್ಧ ಒಸಡಿನ ಮೇಲೆ. ಅಲ್ಲೇ ಇಟ್ಟು ಸಣ್ಣಗೆ ಅಲುಗಾಡಿಸಿ, ಒಂದು ಹಲ್ಲಿನಗಲ ದಾಟದಷ್ಟು. ಹತ್ತು-ಹದಿನೈದು ಸಲ ಹೀಗೆ ಮಾಡಿ, ಆಮೇಲೆ ಒಸಡಿನಿಂದ ಹಲ್ಲಿನ ತುದಿ ಕಡೆಗೆ ಉರುಳಿಸಿ ತೆಗೆಯಿರಿ. ಮುಂದಿನ ಎರಡು ಹಲ್ಲಿಗೆ ಹೋಗಿ. ಇದಕ್ಕೆ ಬಾಸ್ ವಿಧಾನ ಎಂದು ಹೆಸರು. ಅಮೆರಿಕದ ಚಾರ್ಲ್ಸ್ ಬಾಸ್ ಎಂಬ ವೈದ್ಯರು ಹೇಳಿಕೊಟ್ಟದ್ದು.

ಬ್ರಷ್ ಮುಷ್ಟಿಯಲ್ಲಿ ಹಿಡಿದರೆ ಜೋರು ತಾನಾಗಿ ಬರುತ್ತದೆ. ಪೆನ್ನು ಹಿಡಿದ ಹಾಗೆ ಹಿಡಿಯಿರಿ. ನನಗೆ ಈ ಒಂದು ಬದಲಾವಣೆಯೇ ಅರ್ಧ ಕೆಲಸ ಮಾಡಿತು. ಮೊದಲ ವಾರ ಕೈ ಒಪ್ಪುವುದಿಲ್ಲ, ಎಡಗೈಯಲ್ಲಿ ರೊಟ್ಟಿ ಬಡಿದ ಹಾಗೆ ಅನ್ನಿಸುತ್ತದೆ.

ಹೊರಗಡೆ ಒಂದು ಸುತ್ತು, ಒಳಗಡೆ ಒಂದು ಸುತ್ತು, ಅಗಿಯುವ ಮೇಲ್ಭಾಗ ಕೊನೆಗೆ. ಕೆಳಗಿನ ಮುಂದಿನ ಹಲ್ಲಿನ ಒಳಬದಿಗೆ ಬ್ರಷ್ಷನ್ನು ನಿಲ್ಲಿಸಿ ಹಿಡಿದು ಮೇಲಕ್ಕೆ ಎಳೆಯಿರಿ. ಒಟ್ಟು ಎರಡು ನಿಮಿಷ, ದಿನಕ್ಕೆ ಎರಡು ಸಲ. ಎರಡರಲ್ಲಿ ರಾತ್ರಿಯದು ಮುಖ್ಯ. ನಿದ್ದೆಯಲ್ಲಿ ಎಂಜಲು ಕಡಿಮೆಯಾಗುತ್ತದೆ, ಪಾಚಿಗೆ ಅದೇ ಸುಗ್ಗಿ. ನಮ್ಮಲ್ಲಿ ಬೆಳಿಗ್ಗೆ ತಿಕ್ಕದವರಿಲ್ಲ, ರಾತ್ರಿ ತಿಕ್ಕುವವರು ಬೆರಳೆಣಿಕೆ. ಊಟ ಆದ ಮೇಲೆ ಮಲಗುವ ಹೊತ್ತಿಗೆ ನೆನಪಾಗುವುದಿಲ್ಲ ಅನ್ನುವವರು ಊಟ ಮುಗಿದು ಅರ್ಧ ಗಂಟೆಗೇ ತಿಕ್ಕಿಬಿಡಿ. ಆಮೇಲೆ ನೀರು ಬಿಟ್ಟು ಏನೂ ಬೇಡ.

ರಕ್ತ ಬರುವ ಜಾಗಕ್ಕೆ ಬಂದಾಗ ನಿಲ್ಲಬೇಡಿ. ಮೆತ್ತಗೆ, ಆದರೆ ಬಿಡದೆ. ಮೊದಲ ಮೂರು-ನಾಲ್ಕು ದಿನ ರಕ್ತ ಮೊದಲಿಗಿಂತ ಜಾಸ್ತಿ ಕಾಣಬಹುದು, ಇಷ್ಟು ದಿನ ಮುಟ್ಟದ ಜಾಗ ಮುಟ್ಟುತ್ತಿದ್ದೀರಲ್ಲ. ಬಹಳ ಜನ ಕೈ ಬಿಡುವುದು ಇದೇ ಮೂರು ದಿನದಲ್ಲಿ.

ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸಿ. ಕೂದಲು ಅದಕ್ಕೂ ಮೊದಲೇ ಹೊರಳಿದ್ದರೆ ನೀವು ಜೋರು ತಿಕ್ಕುತ್ತಿದ್ದೀರಿ ಎಂದರ್ಥ.

ಬೇವಿನ ಕಡ್ಡಿ, ಮತ್ತು ಮುತ್ಯಾನ ಹಲ್ಲು

“ನಮ್ಮ ಮುತ್ಯಾ ಬ್ರಷ್ ಮುಖ ನೋಡಿಲ್ಲ, ಎಂಬತ್ತರಾಗ ಕಬ್ಬು ಕಡೀತಿದ್ದ.” ಈ ಮಾತು ಬರದೆ ಇರುವುದಿಲ್ಲ, ಅಲ್ವಾ? ಅದು ಸುಳ್ಳಲ್ಲ. ಇದೇ ಹರಾಲ್ಡ್ ಲೋ 1970ರಿಂದ 15 ವರ್ಷ ಶ್ರೀಲಂಕಾದ ಚಹಾ ತೋಟದ 480 ಗಂಡಾಳುಗಳ ಬಾಯಿ ನೋಡುತ್ತ ಬಂದರು. ಅವರಿಗೆ ಹಲ್ಲು ತಿಕ್ಕುವ ರೂಢಿಯೇ ಇರಲಿಲ್ಲ. ಎಲ್ಲರ ಬಾಯಲ್ಲೂ ಪಾಚಿ, ಗಾರೆ. ಆದರೂ ನೂರಕ್ಕೆ 11 ಜನರಿಗೆ ಒಸಡಿನ ಬಾವು ಬಿಟ್ಟು ಮುಂದಕ್ಕೇನೂ ಆಗಲಿಲ್ಲ. 81 ಜನರಿಗೆ ನಿಧಾನವಾಗಿ ಎಲುಬು ಕರಗುತ್ತ ಹೋಯಿತು. ಉಳಿದ 8 ಜನರಿಗೆ ಬಹಳ ಬೇಗ. ನಿಮ್ಮ ಮುತ್ಯಾ ಆ ಹನ್ನೊಂದರಲ್ಲಿ ಒಬ್ಬ. ನೀವು ಯಾವ ಗುಂಪು ಎಂದು ಹಲ್ಲು ಹೋಗುವ ಮೊದಲು ಗೊತ್ತಾಗುವುದಿಲ್ಲ.

ಬೇವಿನ ಕಡ್ಡಿ ಕೆಟ್ಟದ್ದಲ್ಲ. ತುದಿಯನ್ನು ಚೆನ್ನಾಗಿ ಅಗಿದು ಕುಂಚದ ಹಾಗೆ ಮೆತ್ತಗೆ ಮಾಡಿಕೊಂಡು, ಒಂದೊಂದೇ ಹಲ್ಲಿಗೆ ಹೊತ್ತು ಕೊಟ್ಟು ತಿಕ್ಕಿದರೆ ಪಾಚಿ ಹೋಗುತ್ತದೆ. ತೊಂದರೆ ಎಂದರೆ ಹಲ್ಲಿನ ಒಳಬದಿಗೆ ಅದು ತಿರುಗುವುದಿಲ್ಲ, ಗಟ್ಟಿ ತುದಿ ಒಸಡನ್ನು ಕೆಳಕ್ಕೆ ತಳ್ಳುತ್ತದೆ. ಹೊಲಕ್ಕೆ ಹೋಗುವವರು ಬೆಳಿಗ್ಗೆ ಕಡ್ಡಿ ಬಳಸುವುದಾದರೆ ಬಳಸಿ, ರಾತ್ರಿ ಬ್ರಷ್ ಇರಲಿ.

ಮೂರನೇ ಹಂತ: ಹಲ್ಲಿನ ಸಂದಿ

ಬ್ರಷ್ ಎಷ್ಟೇ ಒಳ್ಳೆಯದಿರಲಿ, ಎರಡು ಹಲ್ಲಿನ ನಡುವಿನ ಸಂದಿಗೆ ಹೋಗುವುದಿಲ್ಲ. ಒಸಡಿನ ರೋಗ ಹೆಚ್ಚಾಗಿ ಶುರುವಾಗುವುದು ಅಲ್ಲೇ.

ನಮ್ಮ ಊಟವೂ ಸಂದಿಯಲ್ಲಿ ಕೂರುವಂಥದ್ದು. ಶೇಂಗಾ ಹಿಂಡಿ, ಪುಂಡಿ ಪಲ್ಯದ ನಾರು, ಮಾಂಸದ ಎಳೆ. ಎಳೆ ಜೋಳ ಸುಟ್ಟು ಸೀತನಿ ತಿನ್ನುವ ದಿನಗಳಲ್ಲಿ, ಪಂಚಮಿಯ ಅಳ್ಳು ತಿನ್ನುವಾಗ ಅದರ ಹೊಟ್ಟು ಒಸಡಿನ ಅಡಿಗೆ ನುಗ್ಗಿ ಕೂರುತ್ತದೆ. ಇಡೀ ಬಾಯಿ ಚೆನ್ನಾಗಿದ್ದು ಒಂದೇ ಜಾಗದಲ್ಲಿ ಇದ್ದಕ್ಕಿದ್ದಂತೆ ಬಾವು, ರಕ್ತ ಕಂಡರೆ ಮೊದಲು ಹೊಟ್ಟಿನ ಮೇಲೆ ಅನುಮಾನ ಪಡಿ.

ಆಗ ನಮ್ಮ ಕೈ ಹೋಗುವುದು ಎಲ್ಲಿಗೆ? ಸೆರಗಿನ ಪಿನ್ನು, ಕಡ್ಡಿಪೆಟ್ಟಿಗೆಯ ಕಡ್ಡಿ, ಕಸಬರಿಗೆ ಕಡ್ಡಿ. ದಯವಿಟ್ಟು ಬೇಡ. ಮೆಡಿಕಲ್ ಅಂಗಡಿಯಲ್ಲಿ ಎರಡು ಸಾಮಾನು ಸಿಗುತ್ತವೆ. ಸಂದಿ ಬಿಗಿಯಾಗಿದ್ದರೆ ಹಲ್ಲಿನ ದಾರ, ಅಂದರೆ ಫ್ಲಾಸ್. ಮೊಳಕೈಯಿಂದ ಬೆರಳ ತುದಿಯಷ್ಟು ಉದ್ದ ಹರಿದುಕೊಳ್ಳಿ, ಎರಡೂ ನಡುಬೆರಳಿಗೆ ಸುತ್ತಿ. ಸಂದಿಗೆ ಹಿಂದೆ-ಮುಂದೆ ಆಡಿಸುತ್ತ ಇಳಿಸಿ, ಒಮ್ಮೆಗೇ ಕುಕ್ಕಬೇಡಿ. ಇಳಿದ ಮೇಲೆ ಒಂದು ಹಲ್ಲಿಗೆ ತಬ್ಬಿದ ಹಾಗೆ ಬಗ್ಗಿಸಿ ಮೇಲೆ-ಕೆಳಗೆ ಉಜ್ಜಿ, ಆಮೇಲೆ ಪಕ್ಕದ ಹಲ್ಲಿಗೆ. ಹೊಲಿಗೆ ದಾರ ಬಳಸಬೇಡಿ, ಒಸಡು ಕೊಯ್ಯುತ್ತದೆ.

ಸಂದಿ ಅಗಲವಾಗಿದ್ದರೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥ ಸಣ್ಣ ಬ್ರಷ್ ಬರುತ್ತದೆ, ಇಂಟರ್‌ಡೆಂಟಲ್ ಬ್ರಷ್ ಎಂದು ಕೇಳಿ. ಬಿಗಿಯಾಗದೆ, ಆದರೆ ತಾಗಿಕೊಂಡು ಹೋಗುವ ಅಳತೆ ಆರಿಸಿ. ಒಸಡು ಈಗಾಗಲೇ ಕೆಳಗಿಳಿದವರಿಗೆ ದಾರಕ್ಕಿಂತ ಇದೇ ಮೇಲು, ಕಲಿಯುವುದೂ ಸುಲಭ. ದಿನಕ್ಕೆ ಒಂದು ಸಲ, ರಾತ್ರಿ, ಬ್ರಷ್ ಮಾಡುವ ಮೊದಲು.

ಉಪ್ಪು ನೀರು, ಮೌತ್‌ವಾಶ್, ಮನೆಮದ್ದು

ಉಪ್ಪು ನೀರು ಒಳ್ಳೆಯದು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ದಿನಕ್ಕೆ ಎರಡು-ಮೂರು ಸಲ, ಅರ್ಧ ನಿಮಿಷ ಮುಕ್ಕಳಿಸಿ ಉಗುಳಿ. ನೋವು, ಬಾವು ಸ್ವಲ್ಪ ಇಳಿಯುತ್ತದೆ. ಪಾಚಿ ಹೋಗುವುದಿಲ್ಲ. ಅದಕ್ಕೆ ಉಜ್ಜಲೇಬೇಕು.

ಮೆಡಿಕಲ್ ಅಂಗಡಿಯವರು ಕೊಡುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ನಿಜವಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಸಿಗುವ 0.2 ಪರ್ಸೆಂಟಿನದು 10 ಮಿ.ಲೀ., ಒಂದು ನಿಮಿಷ, ದಿನಕ್ಕೆ ಎರಡು ಸಲ. ಪೇಸ್ಟಿನಿಂದ ತಿಕ್ಕಿದ ತಕ್ಷಣ ಹಾಕಿದರೆ ಪೇಸ್ಟಿನ ನೊರೆ ಅದರ ಶಕ್ತಿ ಕುಂದಿಸುತ್ತದೆ, ಅರ್ಧ ಗಂಟೆ ಬಿಡಿ. ಡಾಕ್ಟರ್ ಹೇಳದೆ ಎರಡು ವಾರ ದಾಟಿಸಬೇಡಿ. ಹಲ್ಲು, ನಾಲಗೆ ಕಂದು ಬಣ್ಣಕ್ಕೆ ತಿರುಗುತ್ತದೆ, ಸಾರಿನ ರುಚಿ ಗೊತ್ತಾಗುವುದಿಲ್ಲ. ನಮ್ಮ ವೈನಿ ಮೂರು ತಿಂಗಳು ಬಳಸಿ, ಹಲ್ಲು ಕಪ್ಪಾದ ಮೇಲೆ ಆ ಬಣ್ಣ ತೆಗೆಯಲು ಮತ್ತೆ ಇದ್ದಲಿ ಹಿಡಿದಿದ್ದರು.

ಉಳಿದ ಮನೆಮದ್ದಿನ ಬಗ್ಗೆ ನನ್ನ ಲೆಕ್ಕ ಹೀಗಿದೆ. ಎಣ್ಣೆ ಮುಕ್ಕಳಿಸುವುದು, ಅರಿಶಿನ ಹಚ್ಚುವುದು: ಹಾನಿ ಇಲ್ಲ, ಬ್ರಷ್ ಬಿಟ್ಟು ಇದನ್ನೇ ನಂಬಿದರೆ ಮಾತ್ರ ಹಾನಿ. ಪಟಿಕ: ಒಸಡನ್ನು ಬಿಗಿ ಹಿಡಿದು ರಕ್ತ ನಿಲ್ಲಿಸಿದ ಹಾಗೆ ತೋರಿಸುತ್ತದೆ, ಪಾಚಿ ಅಡಿಯಲ್ಲಿ ಹಾಗೇ ಕೂತಿರುತ್ತದೆ. ನಿಂಬೆಹಣ್ಣು-ಉಪ್ಪು ತಿಕ್ಕುವುದು: ಬೇಡವೇ ಬೇಡ, ಹುಳಿ ಹಲ್ಲಿನ ಮೇಲ್ಪದರ ತಿನ್ನುತ್ತದೆ. ಲವಂಗದ ಎಣ್ಣೆಯನ್ನು ಹಾಗೇ ಒಸಡಿಗೆ ಹಚ್ಚುವುದು, ಆಸ್ಪಿರಿನ್ ಗುಳಿಗೆ ಒಸಡಿನ ಮೇಲಿಟ್ಟುಕೊಳ್ಳುವುದು: ಎರಡೂ ಸುಡುತ್ತವೆ.

ಕೇಳದೆ ಆಂಟಿಬಯೋಟಿಕ್ ನುಂಗುವುದು ಇನ್ನೊಂದು ಚಟ. ಮೂರು ದಿನ ಬಾವು ಇಳಿಯುತ್ತದೆ, ಗಾರೆ ಇದ್ದಲ್ಲೇ ಇರುತ್ತದೆ, ತಿಂಗಳಿಗೆ ಬಾವು ವಾಪಸ್.

ವಿಟಮಿನ್ ಸಿ ಕಡಿಮೆಯಾದರೆ ಒಸಡು ರಕ್ತ ಬಿಡುತ್ತದೆ ಎಂಬುದು ನಿಜ. ಬರೀ ಜೋಳದ ರೊಟ್ಟಿ, ತೊಗರಿ ಬ್ಯಾಳಿಯಿಂದ ಅದು ಸಿಗುವುದಿಲ್ಲ. ಆದರೆ ರೊಟ್ಟಿ ಜೊತೆ ಹಸಿ ಮೆಂತ್ಯ, ಮೂಲಂಗಿ, ಹಸಿ ಮೆಣಸಿನಕಾಯಿ, ಊಟದ ಮೇಲೆ ನಿಂಬೆ ಹಿಂಡುವ ನಮ್ಮ ರೂಢಿ ಅದಕ್ಕೆ ಸರಿಹೋಗುತ್ತದೆ. ಪೇರಲ, ನೆಲ್ಲಿಕಾಯಿ ಸಿಕ್ಕಾಗ ತಿನ್ನಿ. ಚೆನ್ನಾಗಿ ಉಣ್ಣುವವರು ಒಸಡಿಗೆಂದು ಗುಳಿಗೆ ನುಂಗುವುದರಲ್ಲಿ ಅರ್ಥವಿಲ್ಲ. ಕ್ಯಾಲ್ಸಿಯಂ ಗುಳಿಗೆಯಿಂದ ಅಲುಗಾಡುವ ಹಲ್ಲು ಗಟ್ಟಿಯಾಗುವುದೂ ಇಲ್ಲ.

ತಂಬಾಕು ತಿನ್ನುವವರಿಗೆ ರಕ್ತವೇ ಬರದಿರಬಹುದು

ಗುಟ್ಕಾವನ್ನು ಕರ್ನಾಟಕದಲ್ಲಿ 2013ರಲ್ಲೇ ನಿಷೇಧಿಸಿದರು. ನಿಂತಿದೆಯೇ ಎಂಬುದು ಬಸ್ ಸ್ಟ್ಯಾಂಡಿನ ಮೂಲೆ ನೋಡಿದರೆ ನಿಮಗೇ ತಿಳಿಯುತ್ತದೆ. ತಂಬಾಕು-ಸುಣ್ಣ, ಜರ್ದಾ, ಬೀಡಿ, ಹೆಂಗಸರು ಒಸಡಿಗೆ ತಿಕ್ಕುವ ಮಿಶ್ರಿ, ನಶ್ಯ, ಎಲ್ಲವೂ ಒಂದೇ ಸಾಲಿಗೆ ಸೇರಿದವು. ನಿಕೋಟಿನ್ ಒಸಡಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅದಕ್ಕೇ ಒಳಗೆ ಎಲುಬು ಕರಗುತ್ತಿದ್ದರೂ ಮೇಲೆ ರಕ್ತ ಕಾಣುವುದಿಲ್ಲ. “ನಂಗ ಎಂದೂ ರಕ್ತ ಬಂದಿಲ್ಲ” ಎನ್ನುತ್ತಿದ್ದ ನಮ್ಮ ಕಾಕಾನ ನಾಲ್ಕು ಹಲ್ಲು ಒಂದೇ ವರ್ಷದಲ್ಲಿ ಸಡಿಲಾದವು.

ಮಿಶ್ರಿ ಹಚ್ಚಿದರೆ ಹಲ್ಲುನೋವು ಕಡಿಮೆ ಎಂದು ಅವ್ವಂದಿರು ಹೇಳುತ್ತಾರೆ. ಜೋಮು ಹಿಡಿಸಿ ನೋವು ಮರೆಸುತ್ತದೆ, ಅಷ್ಟೇ. ಬಿಟ್ಟ ಹೊಸದರಲ್ಲಿ ಒಸಡಿನ ರಕ್ತ ಜಾಸ್ತಿ ಕಾಣಬಹುದು. ಬಿಟ್ಟದ್ದರಿಂದ ರೋಗ ಬಂತು ಅಂದುಕೊಂಡು ಮತ್ತೆ ಶುರು ಮಾಡಬೇಡಿ, ಮುಚ್ಚಿದ್ದು ತೆರೆದುಕೊಂಡಿದೆ. ಬಿಡಲು ನೆರವು ಬೇಕಾದರೆ 1800-11-2356ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ.

ಅಡಿಕೆ, ಗುಟ್ಕಾ ತಿನ್ನುವವರು ಇದೊಂದು ಪರೀಕ್ಷೆ ಮಾಡಿಕೊಳ್ಳಿ: ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹೋಗುತ್ತವೆಯೇ? ಹೋಗದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಒಸಡಿನ ವಿಚಾರ ಆಮೇಲೆ, ಇದಕ್ಕೇ ಮೊದಲು ಡಾಕ್ಟರ್ ಹತ್ತಿರ ಹೋಗಿ.

ಸಕ್ಕರೆ ಕಾಯಿಲೆ, ಬಸುರಿ ಹೆಂಗಸರು

ಶುಗರ್ ಇದ್ದವರಲ್ಲಿ ಒಸಡಿನ ರೋಗ ಜೋರು. ಒಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದಿಲ್ಲ. ಎರಡೂ ಒಂದನ್ನೊಂದು ಎಳೆಯುತ್ತವೆ. ಒಸಡಿಗೆ ಸರಿಯಾದ ಚಿಕಿತ್ಸೆ ಆದ ಮೇಲೆ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಶುಗರ್ ಲೆಕ್ಕ ತೋರಿಸುವ ರಕ್ತ ಪರೀಕ್ಷೆ) ಸರಾಸರಿ 0.4ರಷ್ಟು ಇಳಿಯುತ್ತದೆ ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಒಸಡು ಪದೇಪದೇ ಬಾತುಕೊಳ್ಳುವವರು, ಶುಗರ್ ಎಂದೂ ನೋಡಿಸಿಲ್ಲದಿದ್ದರೆ, ಒಮ್ಮೆ ನೋಡಿಸಿ.

ಬಸುರಿಯಲ್ಲಿ ಹಾರ್ಮೋನಿನಿಂದ ಒಸಡು ಬೇಗ ಬಾತುಕೊಳ್ಳುತ್ತದೆ. ಬಾಣಂತನ ಮುಗಿಯಲಿ ಎಂದು ಕಾಯಬೇಕಿಲ್ಲ. ಹಲ್ಲು ಕ್ಲೀನ್ ಮಾಡಿಸಲು ನಾಲ್ಕರಿಂದ ಆರನೇ ತಿಂಗಳು ಒಳ್ಳೆಯ ಹೊತ್ತು. ಬಾಣಂತಿಗೆ ಹಲ್ಲು ತಿಕ್ಕಬೇಡ ಎನ್ನುವ ಅಜ್ಜಿಯರಿಗೆ ಮೆತ್ತಗೆ ಉತ್ತರ ಹೇಳಿ, ತಿಕ್ಕಿ.

ನಾಲ್ಕನೇ ಹಂತ: ಎರಡು ವಾರಕ್ಕೆ ಚೀಟಿ ತೆಗೆದು ನೋಡಿ

ಡೆನ್ಮಾರ್ಕಿನ ಆ ಒಂದು ವಾರಕ್ಕೆ ಇನ್ನೊಂದು ವಾರ ಸೇರಿಸಿ, ಕೈ ಕಲಿಯಲು. ಹದಿನಾಲ್ಕು ದಿನ ಎರಡು ಹೊತ್ತು ಸರಿಯಾಗಿ ತಿಕ್ಕಿ, ಸಂದಿ ಶುಚಿ ಮಾಡಿದ ಮೇಲೆ ಚೀಟಿ ತೆಗೆದು ಮತ್ತೆ ಟಾರ್ಚ್ ಹಚ್ಚಿ. ರಕ್ತ ನಿಂತಿದ್ದರೆ ಇದನ್ನೇ ಮುಂದುವರಿಸಿ. ಕೆಲವು ಜಾಗದಲ್ಲಿ ನಿಂತು ಕೆಲವು ಜಾಗದಲ್ಲಿ ಉಳಿದಿದ್ದರೆ, ಉಳಿದ ಜಾಗದಲ್ಲಿ ಗಾರೆಯೋ, ಹಲ್ಲು-ಒಸಡಿನ ನಡುವೆ ಆಳವಾದ ಸಂದೋ ಇದೆ ಎಂದು ತಿಳಿಯಿರಿ. ಇನ್ನು ಮನೆಯಲ್ಲಿ ಹೆಣಗಬೇಡಿ.

ಕಾಯದೆ ಹೋಗಬೇಕಾದವರು ಬೇರೆ. ಹಲ್ಲು ಅಲುಗಾಡುತ್ತಿದ್ದರೆ, ಒಸಡಿನಿಂದ ಕೀವು ಬರುತ್ತಿದ್ದರೆ, ಎರಡು ವಾರಕ್ಕೂ ಮಾಯದ ಹುಣ್ಣೋ ಬಿಳಿ-ಕೆಂಪು ಮಚ್ಚೆಯೋ ಇದ್ದರೆ ಈ ವಾರವೇ ಹೋಗಿ. ಮುಖ ಬಾತು ಜ್ವರ ಬಂದಿದ್ದರೆ, ನುಂಗಲು, ಉಸಿರಾಡಲು ಕಷ್ಟವಾದರೆ ಅದೇ ದಿನ, ದೊಡ್ಡ ಆಸ್ಪತ್ರೆಗೆ. ಜ್ವರದ ಜೊತೆ ಒಸಡಿನಿಂದ ತಾನಾಗಿ ರಕ್ತ ಬಂದರೆ ಅದು ಡೆಂಗ್ಯೂ ಇರಬಹುದು, ಹಲ್ಲಿನ ಡಾಕ್ಟರ್ ಅಲ್ಲ, ರಕ್ತ ಪರೀಕ್ಷೆ ಬೇಕು. ಮೈಮೇಲೆ ಕಾರಣವಿಲ್ಲದೆ ನೀಲಿಗಟ್ಟಿದ ಕಲೆ, ಸುಸ್ತು ಇದ್ದರೂ ಹಾಗೇ. ಎಲ್ಲಿಂದಾದರೂ ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆ ಮಡಚಿ ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಹೊರಡಿ.

ಕ್ಲೀನಿಂಗ್ ಬಗ್ಗೆ ಇರುವ ಹೆದರಿಕೆ

“ಕ್ಲೀನ್ ಮಾಡಿಸಿದರ ಹಲ್ಲ ಸಡ್ಲ ಆಗ್ತಾವ.” ನಮ್ಮ ಕಡೆ ಜನ ಡಾಕ್ಟರ್ ಹತ್ತಿರ ಹೋಗದಿರಲು ಇದೇ ದೊಡ್ಡ ಕಾರಣ. ನಡೆಯುವುದು ಹೀಗೆ: ಎಲುಬು ಮೊದಲೇ ಕರಗಿ ಹಲ್ಲು ಸಡಿಲಾಗಿರುತ್ತದೆ. ಗಾರೆ ಸಿಮೆಂಟಿನ ಹಾಗೆ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಗಾರೆ ತೆಗೆದಾಗ ನಿಜ ಸ್ಥಿತಿ ಗೊತ್ತಾಗುತ್ತದೆ. ಬಾವು ಇಳಿದು ಒಸಡು ಕುಗ್ಗುವುದರಿಂದ ಸಂದಿಯೂ ಕಾಣುತ್ತದೆ. ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನುತ್ತದೆ. ಆಮೇಲೆ ಒಸಡು ಬಿಗಿಯಾಗುತ್ತದೆ.

ಖರ್ಚಿನ ಚಿಂತೆ ಇದ್ದವರು ಹಲ್ಲಿನ ಕಾಲೇಜಿಗೆ ಹೋಗಿ. ಕಲಬುರಗಿಯಲ್ಲಿ ಎಚ್‌ಕೆಇ ಸೊಸೈಟಿಯ ನಿಜಲಿಂಗಪ್ಪ ದಂತ ಕಾಲೇಜು, ಅಲ್-ಬದರ್, ಇಎಸ್‌ಐಸಿ ದಂತ ಕಾಲೇಜು ಇವೆ. ಬೀದರಿನಲ್ಲಿ ಎಸ್.ಬಿ. ಪಾಟೀಲ ದಂತ ಕಾಲೇಜು. ಖಾಸಗಿ ಕ್ಲಿನಿಕ್‌ಗಿಂತ ಕಾಲೇಜಿನಲ್ಲಿ ಸಾಮಾನ್ಯವಾಗಿ ಕಡಿಮೆ ದುಡ್ಡಾಗುತ್ತದೆ, ಹೊತ್ತು ಜಾಸ್ತಿ ಹಿಡಿಯುತ್ತದೆ. ವಿದ್ಯಾರ್ಥಿ ಮಾಡಿದರೆ ಮೇಲೆ ಒಬ್ಬ ಸರ್ ಬಂದು ನೋಡುತ್ತಾರೆ. ಚಿಂಚೋಳಿಯಿಂದಲೋ ಸುರಪುರದಿಂದಲೋ ಬರುವವರು ಬೆಳಗಿನ ಬಸ್ ಹಿಡಿಯಿರಿ, ತಿಂಡಿ ತಿಂದು ಬನ್ನಿ, ಗುಳಿಗೆ ಚೀಟಿ ತನ್ನಿ. ಹೃದಯದ ವಾಲ್ವ್ ಬದಲಿಸಿದ್ದರೆ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ. ಅಂಥವರಿಗೆ ಮೊದಲು ಔಷಧ ಕೊಟ್ಟು ಆಮೇಲೆ ಕೈ ಹಚ್ಚುತ್ತಾರೆ.

ಅಲ್ಲಿ ಒಂದು ಪ್ರಶ್ನೆ ಕೇಳಿ: “ಸಂದು ಎಷ್ಟು ಮಿಲಿಮೀಟರ್ ಆಳ ಅದ್ರಿ?” ಸಣ್ಣ ಅಳತೆ ಕಡ್ಡಿಯಿಂದ ಒಸಡು ಮತ್ತು ಹಲ್ಲಿನ ನಡುವಿನ ಆಳ ನೋಡುತ್ತಾರೆ. 1ರಿಂದ 3 ಇದ್ದರೆ ಚೆನ್ನ. 4 ದಾಟಿದರೆ ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ, ಜೋಮಿನ ಇಂಜೆಕ್ಷನ್ ಕೊಟ್ಟು ಬೇರಿನವರೆಗೆ ಕೆರೆದು ತೆಗೆಯಬೇಕಾಗಬಹುದು. ಆ ನಂಬರ್ ಚೀಟಿಯಲ್ಲಿ ಬರೆದುಕೊಳ್ಳಿ, ಮುಂದಿನ ಸಲ ಹೋಲಿಸಲು ಬೇಕು. ಎಲುಬು ಕರಗಿದವರನ್ನು ಮೊದಮೊದಲು ಮೂರು ತಿಂಗಳಿಗೊಮ್ಮೆ ಕರೆಯುತ್ತಾರೆ. ಬಾವಷ್ಟೇ ಇದ್ದವರಿಗೆ ಆರು ತಿಂಗಳೋ ವರ್ಷವೋ.

ನನ್ನ ಎಡಗಡೆ ಹಲ್ಲಿನದು 6 ಇತ್ತು. ಎರಡು ಸಲ ಕೆರೆಸಿ, ಒಂಬತ್ತು ತಿಂಗಳು ಸಂದಿ ಬ್ರಷ್ ಹಾಕಿದ ಮೇಲೆ 4ಕ್ಕೆ ಬಂದಿದೆ. ಸ್ವಲ್ಪ ಅಲುಗಾಟ ಇನ್ನೂ ಇದೆ, ಅದು ಹೋಗಲಿಕ್ಕಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಕಡಲೆ ಆ ಕಡೆ ಅಗಿಯುವುದಿಲ್ಲ. ಅವ್ವ ಮಾತ್ರ ರಾತ್ರಿ ಊಟ ಆದ ಮೇಲೆ ಬಚ್ಚಲ ಬಾಗಿಲಲ್ಲಿ ನಿಂತು ಕೇಳುತ್ತಾಳೆ: “ಆ ಕಡೀಗಿ ತಿಕ್ಕಿದೇನಪ್ಪ?”